ಸೇನೆಗೆ ಸೇರಿದ್ದು ಅಳಿಯ, ಬೆವರಿದ್ದು ಮನೆಮಂದಿ

ಘಟ್ಟ ಹತ್ತಿ ಕೊಡಗಿಗೆ ಹೋದರೆ ಮನೆಗೊಬ್ಬ ಫೌಜಿ ಸಿಗುತ್ತಾನೆ. ಕಾರ್ಯಪ್ಪ, ತಿಮ್ಮಯ್ಯ ಅಂತ ಎದೆ ಉಬ್ಬಿಸಿ ಹೇಳಲಿಕ್ಕೆ ಅವರಿಗೆ ಹೆಸರುಗಳಿವೆ. ನಮ್ಮ ಉಡುಪಿ ಕಡೆ ಹಾಗಲ್ಲ. ಇಲ್ಲಿ ಮನೆಗೊಬ್ಬ ಬ್ಯಾಂಕಿನವ. ಇಲ್ಲದಿದ್ದರೆ ಮುಂಬೈಯಲ್ಲಿ ಹೋಟೆಲಿನವ. ಅದೂ ಇಲ್ಲದಿದ್ದರೆ ದುಬೈಯವ. ನಾನು ಬ್ಯಾಂಕಿನವ, ಈಗ ನಿವೃತ್ತ. 1906ರಲ್ಲಿ ಉಡುಪಿಯಲ್ಲೊಂದು, ಮಂಗಳೂರಲ್ಲೊಂದು ಬ್ಯಾಂಕು ಹುಟ್ಟಿತು. 1925ರಲ್ಲಿ ಉಡುಪಿಯಲ್ಲೇ ಇನ್ನೊಂದು, 1931ರಲ್ಲಿ ಮಂಗಳೂರಲ್ಲಿ ಮತ್ತೊಂದು. ಇಷ್ಟೆಲ್ಲ ಬ್ಯಾಂಕು ಮನೆ ಬಾಗಿಲಲ್ಲೇ ಇರುವಾಗ ಗಡಿ ಕಾಯುವ ಯೋಚನೆ ಯಾರಿಗೆ ಬರಬೇಕು? ಆದರೆ 2019, 2020ರಲ್ಲಿ ಅವುಗಳಲ್ಲಿ ಮೂರು ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ಸೇರಿ ಬೋರ್ಡಿನಿಂದಲೇ ಮಾಯವಾದವು. ನಮ್ಮ ಹುಡುಗರು ಬೇರೆ ಕಡೆ ನೋಡಲು ಶುರು ಮಾಡಿದರು.

ಹಾಗೆ ನೋಡಿದವರಲ್ಲಿ ನನ್ನ ಅಕ್ಕನ ಮಗ ಧನು ಒಬ್ಬ. ಒಂದು ಸಂಜೆ ಚಾ ಕುಡಿಯುತ್ತಾ, "ಅಮ್ಮ, ನಾನು ಅಗ್ನಿವೀರಕ್ಕೆ ಅರ್ಜಿ ಹಾಕಿದ್ದೇನೆ" ಅಂದ. ಅಕ್ಕ ಬನ್ಸ್ ಲಟ್ಟಿಸುವುದನ್ನು ನಿಲ್ಲಿಸಿದಳು.

"ಎಂತಕ್ಕೆ ಮಾರಾಯ? ಇಲ್ಲಿ ಊಟಕ್ಕೆ ಕಡಿಮೆ ಆಗಿದೆಯಾ ನಿನಗೆ?"

ಭಾವ ಕೂಡಲೇ ಕ್ಯಾಲ್ಕುಲೇಟರ್ ಹಿಡಿದರು. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ ನೂರಕ್ಕೆ 30ರಂತೆ ಸೇವಾ ನಿಧಿಗೆ, ಅಂದರೆ ಕೊನೆಗೆ ಇಡಿಗಂಟಾಗಿ ಸಿಗುವ ಹಣಕ್ಕೆ, ಹಿಡಿದರೆ ಕೈಗೆ 21,000. ಒಟ್ಟು ನಾಲ್ಕು ವರ್ಷ. ಆಮೇಲೆ ನೂರರಲ್ಲಿ ಹೆಚ್ಚೆಂದರೆ 25 ಜನರನ್ನು ಮಾತ್ರ ಸೇನೆ ಇಟ್ಟುಕೊಳ್ಳುತ್ತದೆ. ಭಾವ ಎಷ್ಟು ಸಲ ಒತ್ತಿದರೂ ಉತ್ತರ ಅಷ್ಟೇ ಬಂತು. ಅಜ್ಜಿಗೆ ದುಡ್ಡಿನ ಚಿಂತೆ ಇರಲಿಲ್ಲ. ನಾಲ್ಕು ವರ್ಷ ಮದುವೆ ಆಗಬಾರದು ಅನ್ನುವ ನಿಯಮ ಕೇಳಿ ಅವರಿಗೆ ಸಿಟ್ಟು ಬಂತು. ಧನುವಿಗೆ ಆಗ ಹತ್ತೊಂಬತ್ತು. ಮದುವೆಯ ಮಾತು ಮನೆಯಲ್ಲಿ ಯಾರೂ ಎತ್ತಿದ್ದೇ ಇಲ್ಲ. ಆದರೂ ಅಜ್ಜಿ, "ಬೇಡ ಅಂತ ಹೇಳ್ಲಿಕ್ಕೆ ಅವರು ಯಾರು?" ಅಂತ ರಾತ್ರಿಯವರೆಗೂ ಗೊಣಗುತ್ತಿದ್ದರು.

ನಮ್ಮದು ಅಳಿಯಸಂತಾನದ ನಾಡು. ಹಿಂದೆ ಮಾವನ ಆಸ್ತಿ ಅಳಿಯನಿಗೆ, ಅಂದರೆ ಅಕ್ಕ ತಂಗಿಯರ ಮಗನಿಗೆ ಹೋಗುತ್ತಿತ್ತು. ನನ್ನಲ್ಲಿ ಆಸ್ತಿ ಇಲ್ಲ. ಪೆನ್ಶನ್ ಉಂಟು, ಸಮಯ ಉಂಟು. ಹಾಗಾಗಿ ಅಕ್ಕ ನನ್ನ ಬೆಳಗ್ಗೆಗಳನ್ನೇ ಮಗನ ಹೆಸರಿಗೆ ಬರೆಸಿಕೊಂಡಳು. "ನೀನು ಸುಮ್ನೆ ಮಲಗಿ ಎಂತ ಮಾಡ್ತೀಯ? ಅವನ ಒಟ್ಟಿಗೆ ಅಜ್ಜರಕಾಡಿಗೆ ಹೋಗು, ಟೈಮ್ ನೋಡು."

ಅಜ್ಜರಕಾಡು ಅಂದರೆ ಉಡುಪಿಯ ಜಿಲ್ಲಾ ಕ್ರೀಡಾಂಗಣ. ಸೇನೆಗೆ ಬೇಕಾದ್ದು 1.6 ಕಿಲೋಮೀಟರ್ ಓಟ. 400 ಮೀಟರಿನ ನಾಲ್ಕು ಸುತ್ತು. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಕಾಗದದಲ್ಲಿ ಓದುವಾಗ ದೊಡ್ಡ ಸಂಗತಿ ಅನ್ನಿಸುವುದಿಲ್ಲ. ಮೈದಾನಕ್ಕೆ ಇಳಿದಾಗ ಗೊತ್ತಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಬೆಳಗ್ಗೆ ಐದು ಗಂಟೆಗೆ ಸುಮ್ಮನೆ ನಿಂತವನಿಗೂ ಬೆವರು ಇಳಿಯುತ್ತದೆ. ಓಡುವವನ ಗತಿ ಕೇಳುವುದು ಬೇಡ.

ಅದರ ಮೇಲೆ ವಾಕಿಂಗ್‌ನವರು. ಇವರಿಗೆ ಕತ್ತಲು, ಮಳೆ, ಚಳಿ ಯಾವುದೂ ಲೆಕ್ಕಕ್ಕಿಲ್ಲ. ಮೂರು ಜನ ಸಾಲಾಗಿ, ಒಳಗಿನ ಲೇನನ್ನೇ ಹಿಡಿದು, ಬಿಪಿ ಮಾತ್ರೆಯ ಬಗ್ಗೆ ಮಾತಾಡುತ್ತಾ ನಡೆಯುತ್ತಾರೆ. ಹಿಂದಿನಿಂದ ಓಡಿ ಬರುವ ಹುಡುಗ "ಸೈಡ್, ಸೈಡ್" ಅಂದರೆ ಮೂವರೂ ನಿಂತು, ತಿರುಗಿ, ಯಾರ ಮಗ ಅಂತ ನೋಡುತ್ತಾರೆ. ಆಮೇಲೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ, ಒಬ್ಬರು ಅಲ್ಲೇ. ರ‍್ಯಾಲಿಯಲ್ಲಿ ಝಿಗ್‌ಝಾಗ್ ಬ್ಯಾಲೆನ್ಸ್ ಅಂತ, ಅಂಕುಡೊಂಕು ಹಲಗೆಯ ಮೇಲೆ ಬೀಳದೆ ನಡೆಯುವ ಒಂದು ಪರೀಕ್ಷೆ ಉಂಟು. ಅದಕ್ಕೆ ಬೇಕಾದ ಅಭ್ಯಾಸ ಧನುವಿಗೆ ಅಲ್ಲಿ ಪುಕ್ಕಟೆ ಸಿಕ್ಕಿತು.

ನನಗೂ ಸುಮ್ಮನೆ ನಿಲ್ಲಲು ಮನಸ್ಸು ಬರಲಿಲ್ಲ. ಹುಡುಗನಿಗೆ ಹುರುಪು ಬರಲಿ ಅಂತ ಕೊನೆಯ ಸುತ್ತಿನಲ್ಲಿ ಅವನ ಪಕ್ಕ ನಾನೂ ಓಡುತ್ತಿದ್ದೆ. ಒಂದು ಬೆಳಗ್ಗೆ ಧನು ಗುರಿ ಮುಟ್ಟಿ ತಿರುಗಿ ನೋಡಿದಾಗ ಟೈಮ್ ಇದ್ದ ಮೊಬೈಲು ನನ್ನ ಕೈಯಲ್ಲಿತ್ತು. ನಾನು ಇನ್ನೂರು ಮೀಟರ್ ಹಿಂದೆ, ಸೊಂಟ ಹಿಡಿದುಕೊಂಡು ನಿಂತಿದ್ದೆ. ನಾನು ಅಲ್ಲಿಗೆ ಮುಟ್ಟಿ ಒತ್ತಿದಾಗ ಎಂಟು ನಿಮಿಷ ಚಿಲ್ಲರೆ ಆಗಿತ್ತು. "ಮಾಮ, ಇದು ನಿಮ್ಮ ಟೈಮ್" ಅಂತ ಅವನು ಮರ್ಯಾದೆಯಿಂದಲೇ ಹೇಳಿದ.

ಬೀಮ್‌ನದ್ದು ಇನ್ನೊಂದು ಕಥೆ. ಹತ್ತು ಪುಲ್-ಅಪ್ ತೆಗೆದರೆ 40 ಅಂಕ. ಧನು ಅಷ್ಟಮಿಗೆ ಹುಲಿವೇಷ ಹಾಕುವವ. ಅಷ್ಟಮಿಯ ಮರುದಿನ, ವಿಟ್ಲಪಿಂಡಿಗೆ, ಬಣ್ಣ ಹಚ್ಚಿ ತಾಸೆ ವಾದ್ಯದ ಬಡಿತಕ್ಕೆ ಇಡೀ ಉಡುಪಿ ಕುಣಿದು ಬಂದವ. ಇವನಿಗೆ ಕಂಬಿಗೆ ನೇತಾಡುವುದು ಯಾವ ಲೆಕ್ಕ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮೂರನೆಯದಕ್ಕೇ ಕೈ ನಡುಗಿತು. ಹುಲಿಗೆ ಬೇಕಾದ್ದು ಸೊಂಟ, ಕಾಲು. ಸೇನೆಗೆ ಬೇಕಾದ್ದು ರಟ್ಟೆ.

ಭಾವ ಜಿಐ ಪೈಪು ತಂದು ಜಗಲಿಯ ಕಂಬಕ್ಕೂ ಹಲಸಿನ ಮರಕ್ಕೂ ಅಡ್ಡ ಕಟ್ಟಿಸಿದರು. ಅದು ಜೂನ್ ತಿಂಗಳು. ನಮ್ಮಲ್ಲಿ ಜೂನ್‌ನಿಂದ ಬಟ್ಟೆ ಒಣಗುವುದಿಲ್ಲ, ಹಳಸುತ್ತದೆ. ಮಾಡಿನ ಅಂಚಿಗೆ ಹೊಸ ಪೈಪು ಬಂದದ್ದನ್ನು ಅಕ್ಕ ನೋಡಿದಳು. ಮರುದಿನ ಬೆಳಗ್ಗೆ ಅದರ ಮೇಲೆ ಎರಡು ನೈಟಿ, ಭಾವನ ಲುಂಗಿ, ಅಜ್ಜಿಯ ಸೀರೆ, ಒಂದು ಬೆಡ್‌ಶೀಟು. ಧನು ದಿನಾ ಎಲ್ಲವನ್ನೂ ತೆಗೆದು, ಪುಲ್-ಅಪ್ ಮಾಡಿ, ಮತ್ತೆ ಎಲ್ಲವನ್ನೂ ಹರವಬೇಕಿತ್ತು. ಒಂದು ದಿನ ಸೋಮಾರಿತನಕ್ಕೆ ಬೆಡ್‌ಶೀಟು ಬಿಟ್ಟು ಹಾಗೇ ಏರಿದ. ಗದ್ದ ಕಂಬಿ ದಾಟಿತು, ಒದ್ದೆ ಬಟ್ಟೆಯ ಮೇಲೆ ಕೈ ಜಾರಿತು. ಬೆಡ್‌ಶೀಟು ಸಮೇತ ಅಂಗಳದ ಕೆಸರಿಗೆ ಬಿದ್ದ. ಅಕ್ಕ ಓಡಿ ಬಂದು ಮೊದಲು ಎತ್ತಿದ್ದು ಬೆಡ್‌ಶೀಟನ್ನು.

ಒಂಬತ್ತು ಅಡಿ ಹೊಂಡ ಹಾರುವುದೂ ಉಂಟು. ಹಿತ್ತಲಿನ ತೋಡು ಸರಿಯಾಗಿ ಒಂಬತ್ತು ಅಡಿ ಅಂತ ಅತ್ತೆ, ಅಂದರೆ ನನ್ನ ಹೆಂಡತಿ, ಟೈಲರಿಂಗ್ ಟೇಪು ಹಿಡಿದು ಅಳೆದು ಸರ್ಟಿಫಿಕೇಟ್ ಕೊಟ್ಟಳು. ಅಳೆದದ್ದು ಬೆಳಗ್ಗೆ. ಮಧ್ಯಾಹ್ನ ಪೂರ್ತಿ ಮಳೆ ಸುರಿದು ಸಂಜೆಗೆ ಅದೇ ತೋಡು ಹನ್ನೊಂದು ಅಡಿ ಆಗಿತ್ತು. ಧನುವಿಗೆ ಅದು ಓಡಿ ಬಂದು ಕಾಲು ಎತ್ತಿದ ಮೇಲೆ ಕಂಡಿತು. ಪುಣ್ಯಕ್ಕೆ ಆಚೆ ದಡ ಮುಟ್ಟಿದ. ಆಚೆ ದಡದಲ್ಲಿ ಪಕ್ಕದ ಮನೆಯವರ ಹರಿವೆ ಸಾಲು ಇತ್ತು. ಈಗ ಇಲ್ಲ.

ಇನ್ನು ಊಟ. ಹುಡುಗನಿಗೆ ಪ್ರೋಟೀನ್ ಬೇಕು ಅಂತ ಯಾರೋ ಹೇಳಿದರು. ಮೀನು ತಿನ್ನಿಸಿದರಾಯಿತು ಅಂತ ಅಕ್ಕ ಧೈರ್ಯದಲ್ಲಿದ್ದಳು. ಆದರೆ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಬಂಗುಡೆಯ ರೇಟು ಕೇಳಿ ಭಾವ ಮತ್ತೊಮ್ಮೆ ಕ್ಯಾಲ್ಕುಲೇಟರ್ ತೆಗೆದರು. ಕೊನೆಗೆ ಒಣಮೀನು ಚಟ್ನಿ, ಮೊಟ್ಟೆ, ಕುಚ್ಚಲಕ್ಕಿ ಗಂಜಿ. ಹುಡುಗನ ನೆಪದಲ್ಲಿ ಮೊಟ್ಟೆ ತಿಂದು ನನ್ನ ಕೊಲೆಸ್ಟ್ರಾಲ್ ಮೇಲೆ ಹೋಯಿತು. ಆ ವಿಷಯ ಬೇರೆ.

ಎಲ್ಲಕ್ಕಿಂತ ಮಜಾ ಆದದ್ದು ಮೆಡಿಕಲ್‌ಗೆ ತಯಾರಿ. ಸೇನೆಯ ವೈದ್ಯರು ಕಿವಿಯ ಗುಗ್ಗೆಯಿಂದ ಹಿಡಿದು ಪಾದದವರೆಗೆ ನೋಡುತ್ತಾರೆ. ಅಂಗಾಲು ಚಪ್ಪಟೆ ಇದ್ದರೆ ಕಷ್ಟ. ಅದನ್ನು ಪತ್ತೆ ಮಾಡುವುದು ಸುಲಭ, ಒದ್ದೆ ಕಾಲನ್ನು ನೆಲದ ಮೇಲೆ ಊರಿ ಹೆಜ್ಜೆ ಗುರುತು ನೋಡಬೇಕು. ಪಾದದ ಒಳಬದಿಯಲ್ಲಿ ಖಾಲಿ ಜಾಗ ಇದ್ದರೆ ಪಾಸು. ನಮ್ಮ ಮನೆಯದ್ದು ಹಳೆಯ ರೆಡ್ ಆಕ್ಸೈಡ್ ನೆಲ. ಧನು ಒದ್ದೆ ಕಾಲಲ್ಲಿ ನಡೆದ. ಒಳ್ಳೆಯ ಕಮಾನು ಬಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಭಾವ, "ನನ್ನದೂ ನೋಡುವ" ಅಂತ ಬಕೆಟಿಗೆ ಕಾಲಿಟ್ಟರು. ಆಮೇಲೆ ಅಕ್ಕ, ನಾನು, ನನ್ನ ಹೆಂಡತಿ, ಗ್ಯಾಸ್ ಕೊಡಲು ಬಂದ ಹುಡುಗ. ಚಾವಡಿ ತುಂಬಾ ಹೆಜ್ಜೆ. ಗ್ಯಾಸಿನ ಹುಡುಗ ಪಾಸು. ನಮ್ಮ ನಾಲ್ವರ ಪಾದವೂ ಇಡ್ಲಿ ತಟ್ಟೆಯ ಹಾಗೆ ಚಪ್ಪಟೆ. ಅಜ್ಜಿ ಮಾತ್ರ ಕಾಲು ಒದ್ದೆ ಮಾಡಲು ಒಪ್ಪಲಿಲ್ಲ. "ಈ ಕಾಲಲ್ಲಿ ಎಂಬತ್ತು ವರ್ಷ ನಡೆದದ್ದು ಸಾಕು, ಇನ್ನು ಪರೀಕ್ಷೆ ಎಂತಕ್ಕೆ?" ಅಂದರು. ಆಮೇಲೆ ಒದ್ದೆ ನೆಲದಲ್ಲಿ ಭಾವ ಜಾರಿ ಸೊಂಟ ಹಿಡಿಸಿಕೊಂಡರು. ಮನೆಯಲ್ಲಿ ಮೊದಲು ಮೆಡಿಕಲ್ ಆದದ್ದು ಅವರಿಗೆ.

ರ‍್ಯಾಲಿಯ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ರ‍್ಯಾಲಿ. ಎರಡರಲ್ಲೂ ಹುಡುಗ ಗೆದ್ದ. ಘಟ್ಟದ ಮೇಲೆ ನಡೆದ ರ‍್ಯಾಲಿಗೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಹೋಗಿದ್ದರೆ ಓಡುತ್ತಿದ್ದೆ ಅನ್ನುವ ಹೆದರಿಕೆ ಅವನಿಗೆ ಇತ್ತೋ ಏನೋ.

ತರಬೇತಿಗೆ ಕರೆ ಬಂದದ್ದು ವೆಲ್ಲಿಂಗ್ಟನ್‌ನಿಂದ. ನೀಲಗಿರಿಯಲ್ಲಿ ಕೂನೂರಿನ ಹತ್ತಿರ. ಅಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರ ಉಂಟು. 1758ರಲ್ಲಿ ಶುರುವಾದ ರೆಜಿಮೆಂಟು, ನಮ್ಮ ಬ್ಯಾಂಕುಗಳಿಗಿಂತ ಎಷ್ಟೋ ಹಳೆಯದು, ಇನ್ನೂ ಯಾವುದರಲ್ಲೂ ವಿಲೀನ ಆಗಿಲ್ಲ. ಈ ಸುದ್ದಿ ಬಂದ ಕೂಡಲೇ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ: ಸ್ವೆಟರ್ ಯಾರಲ್ಲಿ ಉಂಟು? ಉಡುಪಿಯಲ್ಲಿ ಸ್ವೆಟರ್ ಇರುವ ಮನೆ ಹುಡುಕಿ ನೋಡಿ. ಫ್ಯಾನಿಲ್ಲದೆ ಐದು ನಿಮಿಷ ಕೂರಲಾರದ ಜನ ನಾವು. ಸೇನೆಯವರೇ ಬಟ್ಟೆ ಕೊಡುತ್ತಾರೆ ಅಂತ ಧನು ಹೇಳಿದ. ಅಕ್ಕ ಕೇಳಬೇಕಲ್ಲ. ಒಂದು ಸ್ವೆಟರು, ಎರಡು ಬಾಟ್ಲಿ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಹುಡಿ ಚಟ್ನಿ, ತಲೆಗೆ ಹಚ್ಚಲು ತೆಂಗಿನೆಣ್ಣೆ ಎಲ್ಲ ತುಂಬಿಸಿದಳು. ಮಂಗಳೂರು ಸೆಂಟ್ರಲ್‌ನಲ್ಲಿ ರೈಲು ಹತ್ತಿಸುವಾಗ, "ಎಣ್ಣೆ ದಿನಾ ಹಾಕು" ಅಂತ ಮೂರು ಸಲ ಹೇಳಿದಳು. ಅಲ್ಲಿ ಮುಟ್ಟಿದವನಿಗೆ ಮೊದಲು ಮಾಡಿದ್ದು ಕಟಿಂಗ್. ಎಣ್ಣೆ ಹಚ್ಚಲು ಕೂದಲೇ ಉಳಿಯಲಿಲ್ಲವಂತೆ.

ಅಲ್ಲಿಂದ ಶುರು ನಮ್ಮ ಭಾನುವಾರಗಳು.

ಮೊಬೈಲು ಅವನ ಕೈಗೆ ಸಿಗುವುದು ಭಾನುವಾರ ಸ್ವಲ್ಪ ಹೊತ್ತು. ಯಾವ ಹೊತ್ತಿಗೆ ಅಂತ ಗೊತ್ತಿಲ್ಲ. ಹಾಗಾಗಿ ಬೆಳಗ್ಗಿನಿಂದಲೇ ಮನೆಮಂದಿಗೆಲ್ಲ ಡ್ಯೂಟಿ. ಅಕ್ಕ ಸ್ನಾನಕ್ಕೆ ಹೋಗುವಾಗ ಫೋನನ್ನು ಭಾವನಿಗೆ ಒಪ್ಪಿಸಿ ಹೋಗುತ್ತಾಳೆ. ಭಾವ ಪೇಟೆಗೆ ಹೋಗುವುದಾದರೆ ನನಗೆ ಒಪ್ಪಿಸಬೇಕು. ಸಮಯ ಹಾಳಾಗಬಾರದು ಅಂತ ಏನೇನು ಕೇಳಬೇಕು ಅನ್ನುವುದನ್ನು ಅಕ್ಕ ಕ್ಯಾಲೆಂಡರಿನ ಹಿಂದೆ ಬರೆದು ಇಟ್ಟಿದ್ದಳು. ನಿದ್ದೆ ಬರುತ್ತದಾ, ಕಾಲು ನೋವು ಹೇಗೆ, ಬೈದರಾ, ಯಾರಾದರೂ ಫ್ರೆಂಡ್ ಆದರಾ.

ಫೋನು ಬಂದಾಗ ಆಗುತ್ತಿದ್ದದ್ದು ಹೀಗೆ.

"ಧನೂ, ಊಟ ಆಯ್ತಾ?"

"ಆಯ್ತು ಅಮ್ಮ."

"ಎಂತ ಊಟ?"

"ಚಪಾತಿ, ದಾಲ್."

"ಅನ್ನ?"

ಅನ್ನ ಇತ್ತು ಅಂತ ತಿಳಿದು ಸಮಾಧಾನ ಆಗುವಷ್ಟರಲ್ಲಿ ಭಾವ ಫೋನು ಕಿತ್ತುಕೊಂಡು, "ಅಲ್ಲಿ ಮಳೆ ಉಂಟಾ? ಇಲ್ಲಿ ಜೋರು ಉಂಟು" ಅಂತ ಹವಾಮಾನ ವರದಿ ಕೊಡುತ್ತಿದ್ದರು. ಅಜ್ಜಿ ವೆಲ್ಲಿಂಗ್ಟನ್ ದೂರ ಅಂತ ದೊಡ್ಡ ಸ್ವರದಲ್ಲಿ ಕೂಗಿ ಮಾತಾಡುತ್ತಿದ್ದರು. ಕೂಗು ಕೇಳಿ ಪಕ್ಕದ ಮನೆಯವರು ಬಂದು, "ಗನ್ ಕೊಟ್ಟರಾ ಕೇಳಿ" ಅನ್ನುತ್ತಿದ್ದರು. ಅಷ್ಟರಲ್ಲಿ ಆ ಕಡೆ ವಿಸಿಲ್ ಊದಿ ಫೋನು ಕಟ್. ಕ್ಯಾಲೆಂಡರಿನ ಹಿಂದೆ ಬರೆದ ಒಂದು ಪ್ರಶ್ನೆಯನ್ನೂ ಯಾರೂ ಯಾವತ್ತೂ ಕೇಳಲಿಲ್ಲ.

ಮಗ ಇಲ್ಲದೆ ನೀರುದೋಸೆ ಮಾಡಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಅದು ಅವನಿಗೆ ಇಷ್ಟದ್ದು. ಆಮೇಲೆ ಬನ್ಸ್, ಗೋಳಿಬಜೆ, ಕೋರಿರೊಟ್ಟಿ ಎಲ್ಲವೂ ಅವನಿಗೆ ಇಷ್ಟದ್ದು ಅಂತ ಒಂದೊಂದಾಗಿ ನೆನಪಾಯಿತು. ಅವನಿಗೆ ಇಷ್ಟವಿಲ್ಲದ್ದು ಉಪ್ಪಿಟ್ಟು ಒಂದೇ. ತರಬೇತಿ 31 ವಾರ. ಅಲ್ಲಿ ಒಬ್ಬ ತಪ್ಪು ಮಾಡಿದರೆ ಇಡೀ ಪ್ಲಟೂನಿಗೆ ರಗಡಾ, ಅಂದರೆ ಉರುಳಾಟ, ಡಿಪ್ಸು, ಓಟ. ಇಲ್ಲಿ ತಪ್ಪೇ ಮಾಡದ ನಮಗೆ ದಿನಾ ಉಪ್ಪಿಟ್ಟು. ಭಾವ ಒಂದು ದಿನ ಗುಟ್ಟಾಗಿ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವಾಗ ನನಗೆ ಸಿಕ್ಕಿಬಿದ್ದರು. ನಾನೂ ಅದಕ್ಕೇ ಅಲ್ಲಿಗೆ ಹೋದದ್ದು.

ಅಲ್ಲಿಯ ಕಷ್ಟ ಧನು ಹೇಳಿದ್ದು ನನಗೊಬ್ಬನಿಗೆ, ಅದೂ ರಜೆಗೆ ಬಂದ ಮೇಲೆ. ಬೆಳಗ್ಗೆ ಕತ್ತಲಲ್ಲಿ ತಣ್ಣೀರು. ಪಿಟಿ, ಆಮೇಲೆ ಡ್ರಿಲ್ಲು, ಆಮೇಲೆ ಹಥಿಯಾರ್, ಅಂದರೆ ಆಯುಧದ ಕ್ಲಾಸು, ಸಂಜೆ ಮತ್ತೆ ಮೈದಾನ. ಪೂರ್ತಿ ಸಾಮಾನು ಹೊತ್ತು, ರೈಫಲ್ ಹಿಡಿದು ಐದು ಕಿಲೋಮೀಟರ್ ಓಟ. ನೀಲಗಿರಿಯಲ್ಲಿ ಸಮತಟ್ಟು ಅನ್ನುವುದೇ ಇಲ್ಲ, ಹೋಗುವಾಗಲೂ ಏರು, ಬರುವಾಗಲೂ ಏರು ಅಂತ ಅವನ ವಾದ. ಬೂಟಿನೊಳಗೆ ಹಿಮ್ಮಡಿಯ ಬೊಕ್ಕೆ ಒಡೆದು ಸಾಕ್ಸಿಗೆ ಅಂಟಿಕೊಳ್ಳುತ್ತಿತ್ತಂತೆ. ಸಾಕ್ಸನ್ನು ನೀರಲ್ಲಿ ನೆನೆಸಿ ಮೆಲ್ಲ ಬಿಡಿಸುವುದನ್ನು ಕೇರಳದ ಹುಡುಗನೊಬ್ಬ ಕಲಿಸಿದನಂತೆ.

"ಮೊದಮೊದಲು ಲೈಟ್ ಆಫ್ ಆದ ಮೇಲೆ ಬ್ಯಾರಕ್ ಇಡೀ ಮೂಗು ಎಳೆಯುವ ಸದ್ದು ಮಾಮ. ಕೇಳಿದರೆ ಎಲ್ಲರಿಗೂ ಶೀತ."

"ನಿನಗೂ ಶೀತ ಆಗಿತ್ತಾ?"

"ಆಗಿತ್ತು. ಆಮೇಲೆ ಗುಣ ಆಯ್ತು. ಹಗಲು ಅಷ್ಟು ಓಡಿಸುತ್ತಾರಲ್ಲ, ಅಳಲಿಕ್ಕೂ ಸ್ವಲ್ಪ ಶಕ್ತಿ ಉಳಿಯಬೇಕಲ್ವಾ?"

ಕಸಂ ಪರೇಡಿಗೆ, ಅಂದರೆ ತರಬೇತಿ ಮುಗಿದು ಪ್ರಮಾಣ ಮಾಡುವ ಪರೇಡಿಗೆ, ನಾವೆಲ್ಲ ಹೋಗಿದ್ದೆವು. ಕೊಯಮತ್ತೂರಿನವರೆಗೆ ರೈಲು, ಆಮೇಲೆ ಘಟ್ಟ, ಅಕ್ಕನಿಗೆ ತಿರುವಿಗೊಂದು ವಾಂತಿ. ಭಾವ ಮಂಕಿ ಕ್ಯಾಪ್ ಹಾಕಿ ಬಂದಿದ್ದರು, ಫೋಟೋದಲ್ಲಿ ಇವತ್ತಿಗೂ ಅವರನ್ನು ಯಾರೂ ಗುರುತು ಹಿಡಿಯುವುದಿಲ್ಲ. ಡ್ರಿಲ್ ಸ್ಕ್ವೇರ್‌ನಲ್ಲಿ ಹುಡುಗರು ಸಾಲಾಗಿ ಬಂದರು. ಎಲ್ಲರದ್ದೂ ಒಂದೇ ಯೂನಿಫಾರ್ಮು, ಒಂದೇ ಕಟಿಂಗು, ಒಂದೇ ಬಣ್ಣಕ್ಕೆ ಬಂದ ಮುಖ. ಅಕ್ಕ ಮೊದಲ ಸಾಲಿನ ಎಡದ ತುದಿಯ ಹುಡುಗನಿಗೆ ಕೈ ಬೀಸಿದಳು. ಅವನು ಅಲುಗಲಿಲ್ಲ. ಅಲುಗುವ ಹಾಗೂ ಇಲ್ಲ. "ಅಮ್ಮನನ್ನು ನೋಡಿಯೂ ನೋಡದ ಹಾಗೆ ನಿಂತಿದ್ದಾನೆ" ಅಂತ ಕಣ್ಣು ತುಂಬಿಕೊಂಡಳು. ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ ತೆಲುಗಿನ ಹೆಂಗಸೊಬ್ಬರು ಬಲದ ತುದಿಯವನಿಗೆ ಕೈ ಬೀಸುತ್ತಿದ್ದರು. ಪರೇಡ್ ಮುಗಿದ ಮೇಲೆ ಗೊತ್ತಾಯಿತು, ಎಡದವ ಅವರ ಮಗ, ಬಲದವ ನಮ್ಮ ಧನು. ಇಬ್ಬರು ಅಮ್ಮಂದಿರೂ ಮಕ್ಕಳನ್ನು ಅದಲು ಬದಲು ಮಾಡಿಕೊಂಡು, ಭಾಷೆ ಬಾರದಿದ್ದರೂ ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಅಪ್ಪ ಅಮ್ಮಂದಿರಿಗೆ ಗೌರವ ಪದಕ ಕೊಡುವ ಕ್ರಮ ಉಂಟು ಅಲ್ಲಿ. ಅಕ್ಕ ಅದನ್ನು ಆಮೇಲೆ ಮೂರು ಮದುವೆಗೆ ಹಾಕಿಕೊಂಡು ಹೋದಳು. ಒಂದರಲ್ಲಿ ಯಾರೋ ಹೊಸ ಡಿಸೈನಿನ ಪೆಂಡೆಂಟಾ ಅಂತ ಕೇಳಿದರಂತೆ.

ರಜೆಗೆ ಬಂದ ಧನುವನ್ನು ನೋಡಿ ಮನೆಯವರಿಗೆ ಖುಷಿ ಆದದ್ದು ಮೊದಲ ದಿನ. ಎರಡನೆಯ ದಿನ ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಎದ್ದು ಲೈಟ್ ಹಾಕಿದ. ಕಂಬಳಿ ಮಡಚಿದ್ದು ನೋಡಬೇಕು, ಅಂಚಿಗೆ ಅಂಚು ಕೂಡಿಸಿ, ಚೌಕಟ್ಟಾಗಿ, ಅಂಗೈಯಲ್ಲಿ ತಟ್ಟಿ ತಟ್ಟಿ. ಆಮೇಲೆ ಬಾಗಿಲ ಬಳಿಯ ಚಪ್ಪಲಿಗಳನ್ನೆಲ್ಲ ಸೈಜಿನ ಪ್ರಕಾರ ಸಾಲು ಮಾಡಿದ. ಎಲ್ಲೆಂದರಲ್ಲಿ ಬಿಟ್ಟ ತನ್ನ ಚಪ್ಪಲಿಯನ್ನು ಕತ್ತಲಲ್ಲೂ ಮೆಟ್ಟುತ್ತಿದ್ದ ಅಜ್ಜಿಗೆ ಸಾಲಲ್ಲಿ ಅದು ಸಿಗಲಿಲ್ಲ. ಅತ್ತೆಯ ಚಪ್ಪಲಿ ಮೆಟ್ಟಿ ದೇವಸ್ಥಾನಕ್ಕೆ ಹೋದರು. ಭಾವನ ಶೂಸಿಗೆ ಧನು ಪಾಲಿಶ್ ಹಾಕಿದ. ಡಬ್ಬಿಯ ಮುಚ್ಚಳದಲ್ಲಿ ನೀರು, ಬೆರಳಿಗೆ ಹತ್ತಿ, ಸಣ್ಣ ಸಣ್ಣ ವೃತ್ತ, ಒಂದು ಗಂಟೆ. ಅದರಲ್ಲಿ ಮುಖ ಕಾಣುತ್ತಿತ್ತು. ಹೊರಗೆ ಮಳೆ. ಭಾವ ಆ ಶೂಸನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಕಂಕುಳಲ್ಲಿ ಇಟ್ಟು, ಹವಾಯಿ ಚಪ್ಪಲಿಯಲ್ಲಿ ಆಫೀಸಿಗೆ ಹೋದರು.

ಅಕ್ಕ ಎಷ್ಟೋ ತಿಂಗಳ ಮೇಲೆ ಕೋರಿರೊಟ್ಟಿ ಮಾಡಿದಳು. ತಟ್ಟೆಗೆ ಬಡಿಸಿ, ಇನ್ನೊಂದು ಸೌಟು ಗಸಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಧನು ತಿಂದು, ಕೈ ತೊಳೆದು, ತಟ್ಟೆಯನ್ನೂ ತೊಳೆದು ಇಟ್ಟು ನಿಂತಿದ್ದ. ಅಕ್ಕನ ಕೈಯಲ್ಲಿ ಸೌಟು ಹಾಗೇ ಇತ್ತು.

"ರುಚಿ ನೋಡಿದೆಯಾ ನೀನು?"

"ನೋಡಿದೆ ಅಮ್ಮ. ಉಪ್ಪು ಸರಿ ಉಂಟು."

ಅಕ್ಕ ಅವನನ್ನು ಮತ್ತೆ ಕೂರಿಸಿದಳು. ಎದುರಿಗೆ ತಾನೂ ಕೂತಳು. ಮೆಲ್ಲ ತಿನ್ನಬೇಕು, ನಡುವೆ ನಾಲ್ಕು ಮಾತಾಡಬೇಕು ಅಂತ ಆರ್ಡರ್ ಆಯಿತು. ದಿನಾ ಎರಡು ಹೊತ್ತು ಈ ತರಬೇತಿ ನಡೆಯಿತು. ಅಕ್ಕ ಒಳ್ಳೆಯ ಉಸ್ತಾದ್. ರಜೆ ಮುಗಿಯುವ ಹೊತ್ತಿಗೆ ಹುಡುಗ ಎಂಟು ಗಂಟೆಗೆ ಏಳುತ್ತಿದ್ದ, ಅರ್ಧ ಗಂಟೆ ಉಣ್ಣುತ್ತಿದ್ದ, ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುತ್ತಿದ್ದ. 31 ವಾರದ ಕೆಲಸವನ್ನು ಒಬ್ಬಳೇ ಅಳಿಸಿ ಹಾಕಿ ಅವನನ್ನು ಯೂನಿಟ್ಟಿಗೆ ಕಳಿಸಿಕೊಟ್ಟಳು. ಮಿಡಿ ಉಪ್ಪಿನಕಾಯಿ ಈ ಸಲ ಮೂರು ಬಾಟ್ಲಿ.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು, ಆ ಹರಿವೆ ಸಾಲಿನವರ ಮಗಳು. ಮಿಲಿಟರಿ ಪೊಲೀಸಿಗೆ ಹುಡುಗಿಯರನ್ನೂ ಅಗ್ನಿವೀರರಾಗಿ ತೆಗೆದುಕೊಳ್ಳುತ್ತಾರಲ್ಲ, ಅದಕ್ಕೆ ಅರ್ಜಿ ಹಾಕಿದ್ದಾಳಂತೆ. ಓಟ ಇವರಿಗೂ 1.6 ಕಿಲೋಮೀಟರೇ. ಬೆಳಗ್ಗೆ ಅಜ್ಜರಕಾಡಿಗೆ ಒಟ್ಟಿಗೆ ಬರಬಹುದಾ ಅಂತ ಕೇಳಿದಳು. ನಾನು ಖುಷಿಯಲ್ಲಿ ಹೂಂ ಅಂದೆ, ನನ್ನ ಹಳೆಯ ಶೂಸು ಎಲ್ಲಿ ಅಂತ ಒಳಗೆ ಕೂಗಿ ಕೇಳಿದೆ.

"ಶೂಸು ಬೇಡ ಅಂಕಲ್" ಅಂದಳು ಹುಡುಗಿ. "ನೀವು ಗೇಟಿನ ಹತ್ತಿರ ಬೆಂಚಲ್ಲಿ ಕೂತು ಟೈಮ್ ನೋಡಿದರೆ ಸಾಕು, ಓಡ್ಲಿಕ್ಕೆ ಬಿಡಬೇಡ ಅಂತ ಧನು ಅಣ್ಣ ಫೋನಲ್ಲಿ ಹೇಳಿದ್ದಾರೆ."